ದೇವನಕೊಂಡದಲ್ಲಿ ಎರಡು ದಿನ

ಬಳ್ಳಾರಿಯಿಂದ ಕರ್ನೂಲಿಗೆ ಹೋಗುವ ದಾರಿಯಲ್ಲಿ ಹಾಲಹರವಿ, ಆಲೂರು, ಆಸ್ಪರಿಗಳನ್ನು ದಾಟಿ ಪೂರ್ವಕ್ಕೆ ಸಾಗಿದಂತೆ ನೆಲದ ಬಣ್ಣ ಬದಲಾಗುತ್ತ ಹೋಗುವುದನ್ನು ಬಸ್ಸಿನ ಕಿಟಕಿಯಿಂದಲೇ ಕಾಣಬಹುದು. ಹತ್ತಿ, ಜೋಳ, ಕಡಲೆಗಳಿಗೆ ಹೆಸರಾದ ನಮ್ಮ ಕಡೆಯ ಎರೆಭೂಮಿ ಹಿಂದೆ ಸರಿಯುತ್ತದೆ. ಮಸಾರಿಯ ಕೆಂಪು ಮುಂದೆ ಬರುತ್ತದೆ. ಶೇಂಗಾ, ಔಡಲ, ಉಳ್ಳಾಗಡ್ಡಿ, ಟೊಮೆಟೊ ಹೊಲಗಳು, ಅವುಗಳ ನಡುವೆ ಬೋಳು ಬಂಡೆಗಳ ಗುಡ್ಡಗಳು. ಇಂಥ ಸೀಮೆಯಲ್ಲಿದೆ ದೇವನಕೊಂಡ. ಹೆಸರಿನ ಉತ್ತರಾರ್ಧ ಅಪ್ಪಟ ತೆಲುಗು. ಪೂರ್ವಾರ್ಧದ ‘ದೇವನ’ ಎಂಬ ಷಷ್ಠೀ ರೂಪವನ್ನು ನಾವು ಕನ್ನಡದ್ದೆಂದು ಓದಿಕೊಂಡರೆ ಅಲ್ಲಿ ಯಾರೂ ತಕರಾರು ತೆಗೆಯಲಾರರು. ವ್ಯಾಕರಣ ಪಾಠಮಾಡಿ ತಲೆ ನರೆತವನಿಗೆ ಬಸ್ಸಿನಲ್ಲಿ ಇಂಥ ಯೋಚನೆಗಳು ಬರುವುದುಂಟು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದುದನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗೆರೆ ಎಳೆದುದು ಸರ್ಕಾರ. ಮಾತುಗಳು ಗೆರೆ ನೋಡಿ ನಡೆಯುವುದಿಲ್ಲ. ಈ ಭಾಗದ ಬಡ ಕುಟುಂಬಗಳು ಬೆಳೆ ಕೈಸೇರಿದ ಮೇಲೆ, ಅಥವಾ ಕೈಕೊಟ್ಟ ಮೇಲೆ, ಮನೆಗೆ ಬೀಗ ಹಾಕಿ ಮೆಣಸಿನಕಾಯಿ ಬಿಡಿಸಲು ಗುಂಟೂರಿನತ್ತ ಹೊರಡುತ್ತವೆ. ಹೀಗೆ ಹೋಗುವುದನ್ನು ಅವರು ತೆಲುಗಿನಲ್ಲಿಯೂ ‘ಸುಗ್ಗಿಗೆ ಹೋಗುವುದು’ ಎಂದೇ ಕರೆಯುತ್ತಾರೆ. ನಮ್ಮ ಹಬ್ಬದ ಮಾತು ಅಲ್ಲಿ ವಲಸೆಯ ಮಾತಾಗಿದೆ.

ನಾನು ಹೋದುದು ಊರು ನೋಡುವುದಕ್ಕಾಗಿ ಮಾತ್ರವಲ್ಲ. ಶಿಕ್ಷಕರ ತರಬೇತಿಯ ದಿನಗಳಲ್ಲಿ ನನ್ನೊಂದಿಗೆ ಒಂದೇ ಕೊಠಡಿಯಲ್ಲಿದ್ದ ಗೆಳೆಯನೊಬ್ಬ ಪತ್ನಿಯ ತವರೂರಾದ ದೇವನಕೊಂಡದಲ್ಲಿ ನೆಲೆಸಿದ್ದಾನೆ. ಕೋವಿಡ್ ಮೊದಲು ಕಾಲಿಟ್ಟ 2020ರ ಏಪ್ರಿಲ್‌ನಲ್ಲಿ ಆಂಧ್ರದಲ್ಲೇ ಹೆಚ್ಚು ಪ್ರಕರಣಗಳಿದ್ದ ಜಿಲ್ಲೆ ಕರ್ನೂಲು. ಆಗ ತಪ್ಪಿಸಿಕೊಂಡ ಗೆಳೆಯನಿಗೆ 2021ರ ಮೇ ತಿಂಗಳ ಎರಡನೆಯ ಅಲೆಯಲ್ಲಿ ರೋಗ ತಗುಲಿತು. ಆಸ್ಪತ್ರೆ ಸೇರುವಷ್ಟು ಉಲ್ಬಣಿಸಲಿಲ್ಲ. ಹತ್ತು ದಿನ ಜ್ವರ, ಒಣಕೆಮ್ಮು. ಮೂಗಿನ ವಾಸನೆ ಮಾತ್ರ ಸಂಪೂರ್ಣವಾಗಿ ಹೋಯಿತು. ಮೂರು ತಿಂಗಳ ತರುವಾಯ ವಾಸನೆ ಮರಳಿತು, ಆದರೆ ತಲೆಕೆಳಗಾಗಿ ಮರಳಿತು. ಹುರಿದ ಶೇಂಗಾ ಅವನಿಗೆ ಸುಟ್ಟ ರಬ್ಬರಿನಂತೆ, ಉಳ್ಳಾಗಡ್ಡಿಯ ಒಗ್ಗರಣೆ ಕೊಳೆತ ಪದಾರ್ಥದಂತೆ, ಕಾಫಿ ಸೀಮೆಎಣ್ಣೆಯಂತೆ ನಾರತೊಡಗಿದವು. ಈ ವಿಕಾರವನ್ನು ವೈದ್ಯರು ಪ್ಯಾರಾಸ್ಮಿಯಾ ಎನ್ನುತ್ತಾರೆ. ಹುರಿದ, ಕರಿದ ಪದಾರ್ಥಗಳೂ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕಾಫಿಗಳೂ ಇದರಲ್ಲಿ ಹೆಚ್ಚು ಪೀಡಿಸುತ್ತವೆ. ಉಗ್ಗಾಣಿ, ಮಿರ್ಚಿ ಬಜ್ಜಿಗಳ ಸೀಮೆಯಲ್ಲಿ ಮನೆಮಾಡಿದವನಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆ ಬೇಕೆ?

ವಾಸನೆಯೊಂದೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದನೇನೋ. ನಿಂತು ಪಾಠ ಹೇಳಲಾಗದು. ಕಪ್ಪುಹಲಗೆಯ ಮುಂದೆ ಹತ್ತು ನಿಮಿಷ ನಿಂತರೆ ಎದೆ ಡವಡವ ಹೊಡೆದುಕೊಂಡು ಕಣ್ಣು ಮಂಜಾಗುತ್ತದೆ. ಒಂದು ದಿನ ಸಂತೆಗೆ ಹೋಗಿಬಂದರೆ ಮುಂದಿನ ಎರಡು ದಿನ ಹಾಸಿಗೆ. ಮಕ್ಕಳ ಹೆಸರುಗಳು ನಾಲಗೆಯ ತುದಿಗೆ ಬಂದು ನಿಲ್ಲುತ್ತವೆ. ರಜೆಗಳು ಮುಗಿದವು, ಅರ್ಧ ವೇತನದ ರಜೆಯೂ ಮುಗಿಯಿತು. ನೋಡಿದರೆ ಆಳು ಗಟ್ಟಿಯಾಗಿ ಕಾಣುತ್ತಾನೆ. ಆದ್ದರಿಂದ ಊರಿನವರು ಮೈಗಳ್ಳತನವೆಂದರು, ಬಂಧುಗಳು ಗಾಳಿ ಸೋಂಕೆಂದರು. ಸೋಂಕಿನಿಂದ ಮೂರು ತಿಂಗಳಾದ ಬಳಿಕವೂ ಉಳಿಯುವ, ಕನಿಷ್ಠ ಎರಡು ತಿಂಗಳು ಇರುವ, ಬೇರೆ ಕಾರಣ ತೋರದ ಇಂಥ ಲಕ್ಷಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿಯೇ ವ್ಯಾಖ್ಯೆಯನ್ನು ಕೊಟ್ಟು, ಇದನ್ನು ನಿಜವಾದ ಕಾಯಿಲೆಯೆಂದು ಮನ್ನಿಸಿತು. ಆ ಮನ್ನಣೆ ನಮ್ಮ ಕಟ್ಟೆಗಳಿಗೆ ಇನ್ನೂ ತಲಪಿಲ್ಲ.

ಈಗ ಮನೆಯಲ್ಲಿ ಎದ್ದಿರುವ ಪ್ರಶ್ನೆ ಒಂದು ಸೂಜಿಯದು. ಹೈದರಾಬಾದಿನಲ್ಲಿ ನೌಕರಿಯಲ್ಲಿರುವ ಮಗ, ಕೊರಳಿನ ನರಕ್ಕೆ ಔಷಧಿ ಚುಚ್ಚಿ ದೀರ್ಘ ಕೋವಿಡ್ಡನ್ನು ಗುಣಪಡಿಸುತ್ತಾರೆಂದು ಕೇಳಿ, ಅದನ್ನು ಮಾಡಿಸಲೇಬೇಕೆಂದು ಹಟ ಹಿಡಿದಿದ್ದಾನೆ. ಒಂದೇ ಸಲಕ್ಕೆ ಮುಗಿಯದೆ ಎರಡು ಮೂರು ಸಲ ಬೇಕಾಗಬಹುದು. ಪ್ರಯಾಣ, ವಸತಿ, ಪರೀಕ್ಷೆಗಳ ಖರ್ಚು ಬೇರೆ. ಅದಕ್ಕಾಗಿ ಎರಡೆಕರೆ ಮಸಾರಿಯನ್ನು ಅಡವಿಡುವ ಮಾತು ನಡೆದಿದೆ. ನಾನು ಹೊಸ್ತಿಲು ದಾಟಿ ಕುಳಿತು ನೀರು ಕುಡಿಯುವ ಮೊದಲೇ ಗೆಳೆಯನ ಪತ್ನಿ ಕೇಳಿದರು: “ಅಣ್ಣಾರ, ನೀವಾರ ಒಂದು ಮಾತು ಹೇಳ್ರಿ. ಹೊಲ ಹೋದ್ರ ತಿರುಗಿ ಬರ್ತದೇನ್ರಿ? ಬ್ಯಾಡ ಅಂದ್ರ ಗಂಡನ ಜೀವಕ್ಕಿಂತ ಹೊಲ ಹೆಚ್ಚಾತೇನು ಅಂತಾರ ಮಂದಿ.” ಗೆಳೆಯ ತಲೆ ತಗ್ಗಿಸಿ ಚಾಪೆಯ ಅಂಚನ್ನು ಕೀಳುತ್ತಿದ್ದ.

ಈ ಪ್ರಶ್ನೆ ಬರುವುದೆಂದು ಪತ್ರಮುಖೇನ ನನಗೆ ತಿಳಿದೇ ಇದ್ದುದರಿಂದ, ಬಳ್ಳಾರಿಯಲ್ಲಿ ಅರಿವಳಿಕೆ ವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕಂಡು ವಿಚಾರಿಸಿಕೊಂಡೇ ಹೋಗಿದ್ದೆ. ಅವನು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದುದನ್ನೇ ನಾನೂ ಅಲ್ಲಿ ಚಿತ್ರ ಬರೆದು ತಿಳಿಸಿದೆ.

ನಮ್ಮ ಇಚ್ಛೆಯನ್ನು ಕೇಳದೆಯೇ ಎದೆಬಡಿತ, ಬೆವರು, ರಕ್ತನಾಳಗಳ ಬಿಗಿತಗಳನ್ನು ನಡೆಸುವ ನರಗಳಿವೆ. ಅವುಗಳಲ್ಲಿ ಸಿಂಪಥೆಟಿಕ್ ಎಂಬ ಪಂಗಡ ಅಪಾಯದ ಹೊತ್ತಿಗೆ ದೇಹವನ್ನು ಹುರಿಗೊಳಿಸತಕ್ಕದ್ದು. ಹಾವು ಕಂಡಾಗ ಎದೆ ಹೊಡೆದುಕೊಳ್ಳುವುದು ಇದರ ಕೆಲಸ. ತಲೆ, ಕೊರಳು, ತೋಳು, ಹೃದಯಗಳಿಗೆ ಹೋಗುವ ಈ ನರಗಳು ಕೊರಳಿನ ಬುಡದಲ್ಲಿ, ಮೊದಲನೆಯ ಪಕ್ಕೆಲುಬಿನ ಸಮೀಪದಲ್ಲಿ, ಎಡಕ್ಕೊಂದು ಬಲಕ್ಕೊಂದು ಗಂಟಿನಲ್ಲಿ ಕೂಡುತ್ತವೆ. ಗಂಟು ನಕ್ಷತ್ರದ ಆಕಾರದಲ್ಲಿರುವುದರಿಂದ ಸ್ಟೆಲೇಟ್ ಗ್ಯಾಂಗ್ಲಿಯಾನ್ ಎಂದು ಹೆಸರು. ಅಲ್ಟ್ರಾಸೌಂಡ್ ಅಥವಾ ಎಕ್ಸ್-ರೇ ಯಂತ್ರದಲ್ಲಿ ಒಳಗಿನ ಸ್ಥಿತಿಯನ್ನು ನೋಡುತ್ತ, ಕೊರಳಿನ ಮುಂಭಾಗದಿಂದ ಸಣ್ಣ ಸೂಜಿಯನ್ನು ಇಳಿಸಿ, ಈ ಗಂಟಿನ ಸುತ್ತ ಮರಗಟ್ಟಿಸುವ ಔಷಧಿಯನ್ನು ಬಿಡುತ್ತಾರೆ. ಬ್ಯುಪಿವಕೇನ್, ರೋಪಿವಕೇನ್, ಲಿಡೊಕೇನ್ ಎಂಬ ಈ ಔಷಧಿಗಳು ಹಲ್ಲು ಕೀಳುವ ಮುನ್ನ ಒಸಡಿಗೆ ಕೊಡುವ ಔಷಧಿಯ ಕುಲದವೇ. ಸೂಜಿ ಸರಿಯಾದ ಸ್ಥಳಕ್ಕೆ ತಲಪಿತೆಂಬುದಕ್ಕೆ ಗುರುತೆಂದರೆ ಆ ಪಕ್ಕದ ಕಣ್ಣುರೆಪ್ಪೆ ಜೋಲುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಮುಖ ಬೆಚ್ಚಗಾಗುತ್ತದೆ. ದನಿ ಕೆಲವು ಗಂಟೆ ಒಡೆದಂತಿರಬಹುದು. ನಂತರ ಎಲ್ಲವೂ ಮೊದಲಿನಂತಾಗುತ್ತವೆ.

ಸೂಜಿ ಹೊಸದಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೈಯ ಅಸಾಧ್ಯವಾದ ಉರಿನೋವಿಗೆ, ರಕ್ತಸಂಚಾರದ ತೊಂದರೆಗಳಿಗೆ ಇದನ್ನು ವೈದ್ಯರು ಹಲವಾರು ದಶಕಗಳಿಂದ ಬಳಸುತ್ತ ಬಂದಿದ್ದಾರೆ. ನಮ್ಮ ದೇಶದ ನೋವು ಚಿಕಿತ್ಸಾಲಯಗಳಲ್ಲಿಯೂ ಇದು ಪರಿಚಿತವೇ. ಹೊಸದಾಗಿರುವುದು ದೀರ್ಘ ಕೋವಿಡ್ಡಿಗೆ ಅದನ್ನು ಬಳಸುವ ವಿಚಾರ. ಸೋಂಕಿನ ಅನಂತರವೂ ಸಿಂಪಥೆಟಿಕ್ ನರಗಳು ಹಾವು ಕಂಡ ಸ್ಥಿತಿಯಲ್ಲೇ ಉಳಿದುಬಿಟ್ಟಿರುತ್ತವೆ, ಅವುಗಳನ್ನು ಒಮ್ಮೆ ಮಲಗಿಸಿ ಎಬ್ಬಿಸಿದರೆ ಸಮಸ್ಥಿತಿಗೆ ಬಂದಾವು, ಮಿದುಳಿಗೆ ರಕ್ತ ಚೆನ್ನಾಗಿ ಹರಿದೀತು ಎಂಬುದು ಊಹೆ. ಔಷಧಿಯ ಪ್ರಭಾವ ಕೆಲವೇ ಗಂಟೆಗಳದಾದರೂ ಕೆಲವರಿಗೆ ತಿಂಗಳುಗಟ್ಟಲೆ ಉಪಶಮನ ದೊರೆತಿದೆಯೆನ್ನುತ್ತಾರೆ. ಅದೇಕೆ ಹೀಗೆಂಬುದು ಇನ್ನೂ ಊಹೆಯ ಮಟ್ಟದಲ್ಲಿಯೇ ಇದೆ.

ಅಮೆರಿಕದ ಅಲಾಸ್ಕಾದ ಲಿಯು ಮತ್ತು ಡುರಿಕಾ ಎಂಬವರು ಇಬ್ಬರು ರೋಗಿಗಳಲ್ಲಿ ಇದರಿಂದ ಗುಣ ಕಂಡುದನ್ನು 2022ರಲ್ಲಿ ಪ್ರಕಟಿಸಿದರು. 2023ರ ನವೆಂಬರಿನಲ್ಲಿ ಫಿಲಡೆಲ್ಫಿಯಾದ ಆಡಮ್ ಜೋಗಾ ಎಂಬ ವೈದ್ಯರು, ನಮ್ಮ ಗೆಳೆಯನಂತೆಯೇ ವಾಸನೆ ವಿಕಾರಗೊಂಡಿದ್ದ 54 ಮಂದಿಗೆ ಸೂಜಿ ಹಾಕಿದ ವರದಿಯನ್ನು ವಿಕಿರಣತಜ್ಞರ ಸಮ್ಮೇಳನದಲ್ಲಿ ಮಂಡಿಸಿದರು. ಅವರಲ್ಲಿ 37 ಮಂದಿಯ ಮುಂದಿನ ಸ್ಥಿತಿ ತಿಳಿಯಿತು. ವಾರದೊಳಗೆ ಸುಧಾರಣೆ ಕಂಡವರು 22 ಮಂದಿ. ಗೆಳೆಯನ ಮಗ ಹಿಡಿದುಕೊಂಡಿರುವುದು ಈ 22ನ್ನು. ಮಗನ ಆತುರವನ್ನು ನಾನು ಹಳಿಯಲಾರೆ. ನಾಲ್ಕು ವರ್ಷ ತಂದೆ ಊಟದ ತಟ್ಟೆಯನ್ನು ದೂಡುವುದನ್ನು ನೋಡಿದವನು ಅವನು.

ಆದರೆ ಉತ್ತರ ಹೇಳದೆ ಉಳಿದ 17 ಮಂದಿಯ ಗತಿಯೇನು? ಅದಕ್ಕಿಂತ ಮುಖ್ಯವಾದುದು, ಸೂಜಿ ಹಾಕಿಸಿಕೊಳ್ಳದ ಇನ್ನೊಂದು ಗುಂಪು ಅಲ್ಲಿರಲಿಲ್ಲ. ತರಬೇತಿಯ ದಿನಗಳಲ್ಲಿ ನಮಗೆ ಹೇಳಿಕೊಟ್ಟ ಒಂದು ಪಾಠವನ್ನು ನಾನು ಗೆಳೆಯನಿಗೆ ನೆನಪು ಮಾಡಿದೆ. ಹೊಸ ಬೋಧನಾ ಕ್ರಮವೊಂದನ್ನು ತರಗತಿಯಲ್ಲಿ ಜೂನಿನಿಂದ ಮಾರ್ಚಿಯವರೆಗೆ ನಡೆಸಿದರೆ ಮಕ್ಕಳು ಮುಂದುವರಿದೇ ಮುಂದುವರಿಯುತ್ತಾರೆ. ಕ್ರಮದ ಗುಣದಿಂದಲೋ, ಒಂಬತ್ತು ತಿಂಗಳು ಬೆಳೆದುದರಿಂದಲೋ, ಮೇಷ್ಟ್ರ ಹೊಸ ಉತ್ಸಾಹದಿಂದಲೋ ಎಂಬುದು ಗೊತ್ತಾಗಬೇಕಾದರೆ ಪಕ್ಕದ ಕೊಠಡಿಯಲ್ಲಿ ಹಳೆಯ ಕ್ರಮದಲ್ಲಿ ಕಲಿತ ಅಂಥದೇ ತರಗತಿಯೊಂದು ಬೇಕು. ಔಷಧಿಗೂ ಅದೇ ನ್ಯಾಯ. ಪ್ಯಾರಾಸ್ಮಿಯಾ ಎಷ್ಟೋ ಜನರಲ್ಲಿ ಕಾಲಕ್ರಮದಲ್ಲಿ ತಾನಾಗಿಯೇ ಇಳಿಯುತ್ತದೆ.

ಇದೇ ಸೂಜಿಯನ್ನು ಯುದ್ಧದ ಆಘಾತದಿಂದ ನರಳುವ ಅಮೆರಿಕದ ಸೈನಿಕರಲ್ಲಿ ಎರಡು ಗುಂಪು ಮಾಡಿ ಪರೀಕ್ಷಿಸಿದ್ದಾರೆ. 2016ರಲ್ಲಿ ಪ್ರಕಟವಾದ 42 ಮಂದಿಯ ಪರೀಕ್ಷೆಯಲ್ಲಿ ನಿಜವಾದ ಸೂಜಿಗೂ ಹುಸಿ ಸೂಜಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. 2020ರಲ್ಲಿ ಪ್ರಕಟವಾದ 113 ಮಂದಿಯ ದೊಡ್ಡ ಪರೀಕ್ಷೆಯಲ್ಲಿ ಅಂತರ ಕಂಡಿತು: ನಿಜವಾದ ಸೂಜಿಯವರ ಬಾಧೆಯ ಅಂಕ ಎಂಟು ವಾರಗಳಲ್ಲಿ ಸರಾಸರಿ 12.6ರಷ್ಟು ಇಳಿದರೆ ಹುಸಿ ಸೂಜಿಯವರದು 6.1ರಷ್ಟು ಇಳಿಯಿತು. ಓದುಗರು ಈ ಎರಡನೆಯ ಅಂಕವನ್ನು ಸ್ವಲ್ಪ ನಿಂತು ನೋಡಬೇಕು. ಗಂಟಿಗೆ ಔಷಧಿಯೇ ತಲಪದವರಿಗೂ ಸುಮಾರು ಅರ್ಧದಷ್ಟು ಗುಣ! ಅವರು ಸುಳ್ಳು ಹೇಳಿದರೆಂದಲ್ಲ. ಭರವಸೆ, ಆರೈಕೆ, ಕಾಲ ಇವೆಲ್ಲ ದೇಹದ ಮೇಲೆ ಕೆಲಸ ಮಾಡುತ್ತವೆ. ದೀರ್ಘ ಕೋವಿಡ್ಡಿನ ವಿಷಯದಲ್ಲಿ ಇಂಥ ದೊಡ್ಡ ಹೋಲಿಕೆಯ ಬಲ ಈ ಸೂಜಿಗೆ ಬಂದ ಮೇಲೆ ಮಾತು ಬೇರೆ.

ಅಪಾಯದ ವಿಚಾರವನ್ನೂ ಬಚ್ಚಿಡದೆ ಹೇಳಿದೆ. ಆ ಗಂಟಿನ ಆಸುಪಾಸಿನಲ್ಲಿ ಮಿದುಳಿಗೆ ಹೋಗುವ ರಕ್ತನಾಳವಿದೆ, ಶ್ವಾಸಕೋಶದ ತುದಿಯಿದೆ, ದನಿಯ ನರವಿದೆ. ಔಷಧಿ ರಕ್ತನಾಳಕ್ಕೆ ಹೋದರೆ ಸೆಳೆತ ಬರಬಹುದು, ಶ್ವಾಸಕೋಶ ತೂತಾಗಬಹುದು, ರಕ್ತ ಗಂಟು ಕಟ್ಟಿಕೊಳ್ಳಬಹುದು. ನುರಿತ ಕೈಯಲ್ಲಿ, ಯಂತ್ರದ ಸಹಾಯದಿಂದ ಮಾಡಿದಾಗ ಇವು ವಿರಳ. ಎರಡೂ ಪಕ್ಕಕ್ಕೆ ಒಂದೇ ದಿನ ಹಾಕುವ ವಾಡಿಕೆಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು. ಯಂತ್ರವಿಲ್ಲದೆ, ತುರ್ತು ಸಲಕರಣೆಗಳಿಲ್ಲದೆ ಹಾಕುತ್ತೇನೆನ್ನುವವರಿದ್ದರೆ ಎದ್ದು ಬರತಕ್ಕದ್ದು ಎಂದು ನನ್ನ ವಿದ್ಯಾರ್ಥಿ ಖಡಾಖಂಡಿತವಾಗಿ ಹೇಳಿದ್ದ.

ಮರುದಿನ ಗೆಳೆಯನ ಬಾಮೈದ ತನ್ನ ಮೋಟಾರು ಸೈಕಲ್ಲಿನಲ್ಲಿ ನನ್ನನ್ನು ಪತ್ತಿಕೊಂಡದ ಕಡೆಗೆ ಕರೆದೊಯ್ದ. ಗೆಳೆಯ ಬರಲಿಲ್ಲ, ಹಿಂದಿನ ದಿನ ನನ್ನೊಂದಿಗೆ ಮಾತಾಡಿದ ಆಯಾಸಕ್ಕೇ ಆ ದಿನ ಮಲಗಿದ್ದ. ಇಂಥ ರೋಗಿಗಳಿಗೆ ಮೈಮುರಿದು ದುಡಿದರೆ ಸರಿಹೋಗುತ್ತದೆಂಬ ಉಪದೇಶ ವಿಷಸಮಾನ. ಇರುವ ಶಕ್ತಿಯನ್ನು ಸಂಬಳದ ಹಣದಂತೆ ದಿನದಿನಕ್ಕೆ ಹಂಚಿ ಖರ್ಚು ಮಾಡಬೇಕೆಂಬುದನ್ನು ಅವನ ಮನೆಯವರು ಅನುಭವದಿಂದಲೇ ಕಲಿತಿದ್ದರು.

ಪತ್ತಿಕೊಂಡದಲ್ಲಿ ಸರ್ ಥಾಮಸ್ ಮನ್ರೋ ತೀರಿಕೊಂಡ. 1800ರಿಂದ 1807ರವರೆಗೆ ಈ ದತ್ತಮಂಡಲದ ಕಲೆಕ್ಟರನಾಗಿದ್ದು, ಮುಂದೆ ಮದರಾಸಿನ ಗವರ್ನರನಾಗಿ, ಸ್ವದೇಶಕ್ಕೆ ಮರಳುವ ಮೊದಲು ತನ್ನ ಹಳೆಯ ಸೀಮೆಯನ್ನು ನೋಡಲು ಬಂದವನು 1827ರ ಜುಲೈ 6ರಂದು ಕಾಲರಾ ಬಡಿದು ಇಲ್ಲಿ ಕಣ್ಣು ಮುಚ್ಚಿದ. ಗವರ್ನರನ ಬಳಿ ಆ ಕಾಲದ ಶ್ರೇಷ್ಠ ವೈದ್ಯವಿತ್ತು. ಅಂದಿನ ವೈದ್ಯರು ಕಾಲರಾಕ್ಕೆ ಅಫೀಮು, ಪಾದರಸದ ಔಷಧಿಗಳನ್ನು ಕೊಡುತ್ತಿದ್ದರು. ಕೆಲವರು ಬದುಕುತ್ತಿದ್ದುದರಿಂದ ಔಷಧಿಗೇ ಕೀರ್ತಿ ಸಲ್ಲುತ್ತಿತ್ತು. ನಿಜವಾಗಿ ಬೇಕಾಗಿದ್ದುದು ಉಪ್ಪು ಸಕ್ಕರೆ ಬೆರೆತ ನೀರು. 1971ರಲ್ಲಿ ಬಂಗಾಳದ ಗಡಿಯ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬೀಸ್ ಆ ನೀರನ್ನು ಕುಡಿಸಿ, ನೂರಕ್ಕೆ ಮೂವತ್ತರಷ್ಟಿದ್ದ ಸಾವನ್ನು ನಾಲ್ಕಕ್ಕಿಂತ ಕೆಳಗಿಳಿಸಿದರು. ಬಾಮೈದನಿಗೆ ಇದನ್ನೆಲ್ಲ ಹೇಳುತ್ತ ನಿಂತಾಗ ಅವನು, “ಅಂದ್ರ ಸೂಜಿ ಸುಳ್ಳೇನ್ರೀ ಮಾಸ್ತರ?” ಎಂದು ಕೇಳಿದ. ಸುಳ್ಳೆಂದು ನಾನು ಹೇಳಲಿಲ್ಲ. ನಿಜವೆನ್ನುವುದಕ್ಕೆ ಬೇಕಾದ ಸಾಕ್ಷಿ ಸಾಲದು ಎಂದೆ.

ಅಲ್ಲಿಂದ ತುಗ್ಗಲಿಯ ಕಡೆಗೆ ಸಾಗಿದರೆ ಜೊನ್ನಗಿರಿಯ ಹೊಲಗಳು. ಮೊದಲ ಮಳೆ ಬಿದ್ದೊಡನೆ ಇಲ್ಲಿಯ ಕೆಂಪು ಮಣ್ಣಿನ ಮೇಲೆ ವಜ್ರದ ಹರಳುಗಳು ತೇಲಿ ಕಾಣುತ್ತವೆಂದು ಜನ ದೂರದೂರುಗಳಿಂದ ಬಂದು ತಲೆ ತಗ್ಗಿಸಿ ಹುಡುಕುತ್ತಾರೆ. ನಾವು ಹೋದಾಗಲೂ ಕೊಡೆ ಹಿಡಿದವರು, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡವರು ಹೊಲದ ತುಂಬ ಇದ್ದರು. ಒಬ್ಬ ಕೂಲಿಗೆ ಹರಳು ಸಿಕ್ಕರೆ ಅವನ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಬರಿಗೈಯಲ್ಲಿ ಬಸ್ಸು ಹತ್ತಿದವರ ಚಿತ್ರವನ್ನು ಯಾರೂ ಅಚ್ಚುಹಾಕುವುದಿಲ್ಲ. ಗೆಳೆಯನ ಮಗ ಫೋನಿನಲ್ಲಿ ತೋರಿಸುತ್ತಿದ್ದ, ಸೂಜಿಯಾದೊಡನೆ ಕಾಫಿಯ ಘಮ ಕಂಡು ಅತ್ತವರ ಚಿತ್ರಗಳು ನನಗೆ ಆಗ ನೆನಪಾದವು.

ಜೊನ್ನಗಿರಿಯ ಸಮೀಪದಲ್ಲಿ, ಗುತ್ತಿಗೆ ಹೋಗುವ ದಾರಿಯಲ್ಲಿ ಎರ್ರಗುಡಿಯ ಬಂಡೆಗಳಿವೆ. ಅಶೋಕನ ಹದಿನಾಲ್ಕು ಮಹಾಶಾಸನಗಳೂ ಎರಡು ಲಘುಶಾಸನಗಳೂ ಇಲ್ಲಿ ಒಂದೆಡೆ ದೊರೆಯುತ್ತವೆ. ಲಘುಶಾಸನಗಳ ಕೆಲವು ಸಾಲುಗಳನ್ನು ಎಡದಿಂದ ಬಲಕ್ಕೂ ಮತ್ತೆ ಬಲದಿಂದ ಎಡಕ್ಕೂ, ನೇಗಿಲ ಸಾಲಿನಂತೆ, ಕೆತ್ತಿದ್ದಾರೆ. ಒಂದನೆಯ ತರಗತಿಯ ಹುಡುಗರಲ್ಲಿ ನಾನು ತಿದ್ದುವ ಅಭ್ಯಾಸವನ್ನು ಚಕ್ರವರ್ತಿಯ ಲಿಪಿಕಾರನಲ್ಲಿ ಕಂಡು ನಗು ಬಂತು. ಎರಡನೆಯ ಮಹಾಶಾಸನ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ ಏರ್ಪಡಿಸಿದುದನ್ನು, ಔಷಧಿಯ ಮೂಲಿಕೆಗಳು ಇಲ್ಲದೆಡೆಗೆ ಅವುಗಳನ್ನು ತಂದು ನೆಡಿಸಿದುದನ್ನು, ದಾರಿಗಳಲ್ಲಿ ಬಾವಿ ತೋಡಿಸಿದುದನ್ನು ತಿಳಿಸುತ್ತದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಮಾತನ್ನು ಕೆತ್ತಿದ ಬಂಡೆಯ ಪಕ್ಕದ ಸೀಮೆಯಲ್ಲಿ ಇಂದೂ ತಜ್ಞ ವೈದ್ಯರ ಅಭಿಪ್ರಾಯ ಬೇಕಾದರೆ ಪೂರ್ವಕ್ಕೆ ಕರ್ನೂಲು, ಪಶ್ಚಿಮಕ್ಕೆ ಬಳ್ಳಾರಿ.

ಆ ರಾತ್ರಿ ಗೆಳೆಯ ಎದ್ದು ಕುಳಿತು, ತಾನೇ ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡ. ಮೊದಲು ಕರ್ನೂಲಿನ ಸರ್ಕಾರಿ ಆಸ್ಪತ್ರೆಗೆ ಹೋಗುವುದು. ರಕ್ತಹೀನತೆ, ಸಕ್ಕರೆ, ಥೈರಾಯ್ಡ್, ಕ್ಷಯ, ಹೃದಯ ಇವುಗಳ ಪರೀಕ್ಷೆ ಆಗದೆ ಎಲ್ಲವನ್ನೂ ಕೋವಿಡ್ಡಿನ ತಲೆಗೆ ಕಟ್ಟಬಾರದು. ಮಲಗಿದ್ದಾಗಲೂ ಎದ್ದು ನಿಂತ ಮೇಲೆ ಹತ್ತು ನಿಮಿಷದವರೆಗೂ ನಾಡಿಯನ್ನೂ ರಕ್ತದೊತ್ತಡವನ್ನೂ ಎಣಿಸಿಸುವುದು. ಒತ್ತಡ ಇಳಿಯದೆ ನಾಡಿ ಮಾತ್ರ 30ಕ್ಕೂ ಮಿಕ್ಕಿ ಏರಿದರೆ ಅದಕ್ಕೆ ಬೇರೆಯೇ ಹೆಸರೂ ಬೇರೆಯೇ ಉಪಚಾರವೂ ಉಂಟು. ಮೂಗಿಗೆ, ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ 2009ರಲ್ಲಿ ಪ್ರಕಟಿಸಿದ ವಾಸನೆಯ ಅಭ್ಯಾಸ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ದಿನಕ್ಕೆರಡು ಸಲ ತಿಂಗಳುಗಟ್ಟಲೆ ಮೂಸುವುದು. ಮಗ್ಗಿ ಕಲಿಸಿದಂತೆ ಮೂಗಿಗೆ ಕಲಿಸುವ ಈ ಕ್ರಮ ಎಲ್ಲರಿಗೂ ಫಲಿಸದು. ಆದರೆ ಇದಕ್ಕೆ ಹೊಲ ಅಡವಿಡಬೇಕಾಗಿಲ್ಲ. ಹೈದರಾಬಾದಿನ ವೈದ್ಯರನ್ನು ಕಂಡರೆ ಕೇಳಬೇಕಾದುದನ್ನೂ ಬರೆದ: ಇಂಥ ರೋಗಿಗಳಿಗೆ ತಾವು ಎಷ್ಟು ಮಂದಿಗೆ ಹಾಕಿದ್ದೀರಿ, ಅವರಲ್ಲಿ ಗುಣ ಕಾಣದವರೆಷ್ಟು, ಯಂತ್ರದಲ್ಲಿ ನೋಡಿಯೇ ಹಾಕುವಿರಾ, ಮೊದಲ ಸಲಕ್ಕೆ ಗುಣವಾಗದಿದ್ದರೆ ಅಲ್ಲಿಗೇ ನಿಲ್ಲಿಸುವಿರಾ?

ಅವನ ಪತ್ನಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿ, ನೀಲಗಿರಿ ಎಣ್ಣೆ ಪತ್ತಿಕೊಂಡದಲ್ಲಿ ಸಿಕ್ಕೀತೆ ಎಂದು ತಮ್ಮನನ್ನು ವಿಚಾರಿಸಿದರು.

ದಸರೆಯ ಹೊತ್ತಿಗೆ ಗೆಳೆಯ ಫೋನು ಮಾಡಿದ್ದ. ಕರ್ನೂಲಿನಲ್ಲಿ ರಕ್ತ ಕಡಮೆಯಿದೆಯೆಂದು ಮಾತ್ರೆ ಕೊಟ್ಟಿದ್ದಾರೆ. ನಾಡಿ ಮಲಗಿದಾಗ 74, ನಿಂತಾಗ 112. ಅದಕ್ಕೂ ಬೇರೆ ಮಾತ್ರೆ ಆರಂಭವಾಗಿದೆ. ಕುಳಿತು ಪಾಠ ಹೇಳಲು ಶಾಲೆಯಲ್ಲಿ ಎತ್ತರದ ಸ್ಟೂಲು ಹಾಕಿಸಿಕೊಂಡಿದ್ದಾನೆ. ಸೂಜಿಯ ಆಸೆಯನ್ನು ಮಗ ಬಿಟ್ಟಿಲ್ಲ. ಶೇಂಗಾ ಕಿತ್ತು ಮಾರಿದ ಮೇಲೆ ಹೈದರಾಬಾದಿಗೆ ಹೋಗಿ ಆ ಪ್ರಶ್ನೆಗಳನ್ನು ಕೇಳಿಬರುವುದೆಂದು ತೀರ್ಮಾನವಾಗಿದೆ, ಅಡವಿನ ಕಾಗದಕ್ಕೆ ಮಾತ್ರ ಯಾರೂ ಸಹಿ ಹಾಕಿಲ್ಲ. ಮೂಗಿನ ಸಮಾಚಾರ ಕೇಳಿದೆ. “ಲವಂಗ ಲವಂಗ ಆಗೇತಪ್ಪಾ,” ಎಂದ, “ನಿಂಬೆಹಣ್ಣು ಇನ್ನೂ ಸೀಮೆಎಣ್ಣೀನ.”